ಸೈಲೆನ್ಸ್: ಆ ಕೊನೇ ಶಾಟ್ ಬೇಕಿತ್ತಾ?

(1/4)
ಮೊದಲೇ ಹೇಳ್ಬಿಡ್ತೀನಿ, ಕ್ಲೈಮ್ಯಾಕ್ಸ್ ಪೂರ್ತಿ ಹೇಳೋಳಿದ್ದೀನಿ. ಮಾರ್ಟಿನ್ ಸ್ಕಾರ್ಸೆಸಿಯ ‘ಸೈಲೆನ್ಸ್’ (2016) ನೋಡಿಲ್ಲದೋರು ನೋಡ್ಕೊಂಡು ಬನ್ನಿ. 2 ಗಂಟೆ 41 ನಿಮಿಷ.

ಈ ಸಿನಿಮಾ ಬಗ್ಗೆ ಎರಡೇ ಥರ ಮಾತು. ‘ಲ್ಯಾಗ್ ಗುರೂ, ನಿದ್ದೆ ಬಂತು.’ ಇಲ್ಲಾಂದ್ರೆ ‘ಮಾಸ್ಟರ್‌ಪೀಸ್, ಅರ್ಥ ಆಗ್ಲಿಲ್ಲ ಅಂದ್ರೆ ನಿನ್ ತಪ್ಪು.’ ನನಗೆ ಇಬ್ಬರ ಮೇಲೂ ಜಗಳ ಇದೆ. ನಿಧಾನ ಇರೋದು ತಪ್ಪಲ್ಲ. ಅಷ್ಟು ಹೊತ್ತು ಉತ್ತರ ಇಲ್ಲದೆ ಕೂರಿಸಿ, ಕೊನೇ ಕ್ಷಣದಲ್ಲಿ ಉತ್ತರ ಕೈಗಿಟ್ಟು ಕಳಿಸಿದ್ದು ತಪ್ಪು.

(2/4)
17ನೇ ಶತಮಾನದ ಜಪಾನ್. ಅಲ್ಲಿ ಕ್ರೈಸ್ತಧರ್ಮ ನಿಷೇಧ. ಫಾದರ್ ಫೆರೇರಾ ನಂಬಿಕೆ ಬಿಟ್ಟರಂತೆ ಅನ್ನೋ ಸುದ್ದಿ ಕೇಳಿ ಅವರ ಶಿಷ್ಯರಾದ ಇಬ್ಬರು ಪೋರ್ಚುಗೀಸ್ ಯೇಸುಸಭೆಯ ಪಾದ್ರಿಗಳು, ರೊಡ್ರಿಗಸ್ ಮತ್ತು ಗರೂಪೆ, ಕದ್ದು ಅಲ್ಲಿಗೆ ಹೋಗ್ತಾರೆ. ಅಧಿಕಾರಿಗಳು ಯೇಸುವಿನ ಚಿತ್ರದ ಹಲಗೆ ನೆಲದ ಮೇಲಿಟ್ಟು ಹಳ್ಳಿಯವರಿಗೆ ‘ತುಳಿ’ ಅಂತಾರೆ. ತುಳಿದ್ರೂ ಸಾಲ್ದು, ಶಿಲುಬೆ ಮೇಲೆ ಉಗುಳು ಅಂತಾರೆ. ಮೊಕಿಚಿ ಉಗುಳಲ್ಲ. ಅವನನ್ನ ಸಮುದ್ರದ ಅಂಚಲ್ಲಿ ಶಿಲುಬೆಗೆ ಕಟ್ಟಿ ಬಿಡ್ತಾರೆ. ಅಲೆ ಬಂದು ಬಂದು ಹೊಡೆಯುತ್ತೆ. ಜೀವ ಹೋಗೋಕೆ ನಾಲ್ಕು ದಿನ.

ಲ್ಯಾಗ್ ಅನ್ನೋರೇ, ಇದನ್ನ ಬಿಜಿಎಂ ಹಾಕಿ ಸರಸರ ಕಟ್ ಮಾಡಿದ್ರೆ ಏನಾಗ್ತಿತ್ತು? ಫೈಟ್ ಸೀನ್ ಆಗ್ತಿತ್ತು. ಇಲ್ಲಿ ಸಂಗೀತ ಇದೆಯೋ ಇಲ್ವೋ ಅನ್ನೋ ಹಾಗಿದೆ. ಅಲೆ, ಗಾಳಿ, ಹುಳುಗಳ ಸದ್ದು. ಪ್ರಾರ್ಥನೆಗೆ ಮೇಲಿಂದ ಏನೂ ಬರಲ್ಲ.

ಮಾಸ್ಟರ್‌ಪೀಸ್ ಅನ್ನೋರಿಗೆ ಒಂದು ಮಾತು. ರೊಡ್ರಿಗಸ್ ಇದನ್ನೆಲ್ಲ ಮರೆಯಲ್ಲಿ ನಿಂತು ನೋಡ್ತಿರ್ತಾನೆ. ಸಾಯೋದು ಹಳ್ಳಿಯವರು, ಕ್ಲೋಸಪ್ ಪಾದ್ರಿಯದು. ಅವರ ಸಾವೆಲ್ಲ ಇವನ ಅನುಮಾನಕ್ಕೆ ಗೊಬ್ಬರ.

(3/4)
ಕಿಚಿಜಿರೋ. ಮನೆಯವರೆಲ್ಲ ತುಳಿಯಲ್ಲ ಅಂದು ಅವನ ಕಣ್ಣೆದುರೇ ಬೆಂಕಿಯಲ್ಲಿ ಸತ್ತರು. ಅವನೊಬ್ಬ ತುಳಿದು ಬದುಕಿದ. ಆಮೇಲೂ ತುಳೀತಾನೆ, ಓಡ್ತಾನೆ, ರೊಡ್ರಿಗಸ್‌ನನ್ನೇ ಹಿಡಿದುಕೊಡ್ತಾನೆ. ಪ್ರತಿ ಸಲ ವಾಪಸ್ ಬಂದು ‘ಫಾದರ್, ಪಾಪನಿವೇದನೆ ಮಾಡ್ಬೇಕು’ ಅಂತಾನೆ. ನನ್ನ ರೂಮ್‌ಮೇಟ್ ಮೂರನೇ ಸಲಕ್ಕೆ ಜೋರಾಗಿ ನಕ್ಕಳು.

ನನಗೆ ನಗು ಬರ್ಲಿಲ್ಲ. ನಾನು ಪಾಪನಿವೇದನೆಗೆ ಹೋಗಿ ಎರಡು ವರ್ಷ ಆಯ್ತು. ನಂಬಿಕೆ ಹೋಯ್ತು ಅಂತಲ್ಲ. ಅದೇ ಪಾಪ, ಅದೇ ಫಾದರ್, ಅದೇ ಜಾಲರಿ ಕಿಟಕಿ. ಮತ್ತೆ ಅದನ್ನೇ ಹೇಳೋಕೆ ನಾಚಿಕೆ. ಅಮ್ಮ ಭಾನುವಾರ ಫೋನ್ ಮಾಡಿ ‘ಪೂಜೆಗೆ ಹೋಗಿದ್ಯಾ ಮಗಳೇ?’ ಅಂತಾರೆ. ‘ಹೂಂ’ ಅಂತೀನಿ. (ಲೆಕ್ಕಕ್ಕೆ ಇನ್ನೊಂದು.)

ವಸೂಲಾಗದ ಸಾಲವನ್ನ ರೈಟ್ ಆಫ್ ಮಾಡ್ಬೇಕು ಅಂತ ನಮಗೆ ಕ್ಲಾಸಲ್ಲಿ ಕಲಿಸ್ತಾರೆ. ಕಿಚಿಜಿರೋನ ಯಾರಾದ್ರೂ ರೈಟ್ ಆಫ್ ಮಾಡ್ತಿದ್ರು. ಅವನು ಮಾತ್ರ ತನ್ನ ಖಾತೆ ಮುಚ್ಚೋಕೆ ಬಿಡಲ್ಲ. ಆ ಬಿಡದ ಹಟಕ್ಕೆ ನಂಬಿಕೆ ಅನ್ನದೆ ಇನ್ನೇನು ಅಂತೀರಾ?

(4/4)
ಈಗ ಕೊನೆ. ಹಳ್ಳಿಯವರನ್ನ ಗುಂಡಿ ಮೇಲೆ ತಲೆಕೆಳಗಾಗಿ ನೇತು ಹಾಕಿರ್ತಾರೆ. ಅವರು ನಂಬಿಕೆ ಬಿಟ್ಟಾಗಿದೆ, ಆದ್ರೂ ಇಳಿಸಲ್ಲ. ಪಾದ್ರಿ ತುಳಿಯೋವರೆಗೂ ಹಾಗೇ. ಆಗ ಕ್ರಿಸ್ತನ ದನಿ ಕೇಳುತ್ತೆ, ತುಳಿ ಅಂತ. ಇದು ಶುಸಾಕು ಎಂಡೋ ಅವರ 1966ರ ಕಾದಂಬರಿಯಲ್ಲೂ ಇದೆ. ಅವನ ತಲೆಯೊಳಗಿನ ದನಿ ಇರಬಹುದು ಅಂತ ಒಪ್ಕೋತೀನಿ.

ಆದ್ರೆ ಎಷ್ಟೋ ವರ್ಷ ಆದ್ಮೇಲೆ ಅವನು ಸಾಯ್ತಾನೆ, ಬೌದ್ಧ ಕ್ರಮದಲ್ಲಿ ಸುಡ್ತಾರೆ, ಕ್ಯಾಮೆರಾ ಸೀದಾ ಬೆಂಕಿಯೊಳಗೆ ನುಗ್ಗಿ ಅಂಗೈಯಲ್ಲಿರೋ ಪುಟ್ಟ ಶಿಲುಬೆ ತೋರಿಸುತ್ತೆ. ಕಾದಂಬರಿಯಲ್ಲಿ ಇದಿಲ್ಲ. ಯಾರಿಗೂ ಕಾಣಬಾರದಿದ್ದದ್ದನ್ನ ನಮಗೆ ಯಾಕೆ ತೋರಿಸಿದ್ರಿ? ‘ಚಿಂತೆ ಮಾಡ್ಬೇಡಿ, ಅವನು ಒಳಗೊಳಗೇ ಪಾಸ್’ ಅಂತ ಸಮಾಧಾನ ಮಾಡೋಕಾ?

ಅದಕ್ಕೂ ಸ್ವಲ್ಪ ಮುಂಚೆ ಇನ್ನೊಂದು ಸೀನ್ ಇದೆ, ಯಾರೂ ಅದರ ಮಾತೇ ಎತ್ತಲ್ಲ. ತಪಾಸಣೆ ಮಾಡುವಾಗ ಕಿಚಿಜಿರೋ ಕತ್ತಿನ ದಾರದಲ್ಲಿ ಪುಟ್ಟದೊಂದು ಕ್ರೈಸ್ತ ಚಿತ್ರ ಸಿಗುತ್ತೆ. ಎಳ್ಕೊಂಡು ಹೋಗ್ತಾರೆ. ಅವನ ಹಿಂದೆ ಕ್ಯಾಮೆರಾ ಹೋಗಲ್ಲ.

ಅಲ್ಲೇ ನಿಲ್ಲಿಸ್ಬಹುದಿತ್ತು. ಲ್ಯಾಗ್ ಅನ್ನೋರಿಗೂ ಕೆಲವು ನಿಮಿಷ ಉಳೀತಿತ್ತು.