ಅರವತ್ತಕ್ಕ ಗಾಡಿ ಯಾಕ ಅನ್ನೋವರಿಗೆ

ರಿಟೈರ್ ಆದ ಗಂಡಸರು ಯಾರರೆ ಹೊಸಾ ಬುಲೆಟ್ ತಗೊಂಡ್ರ ಓಣ್ಯಾಗ ಹಬ್ಬ. ಗಾಡಿಗೆ ಹಾರ, ಚಕ್ರದ ಕೆಳಗ ಲಿಂಬಿಹಣ್ಣು, ಮನಿಮನಿಗೆ ಪೇಢೆ. "ರಾಯರಿಗೆ ಕಾಲೇಜ್ ದಿನಾ ನೆನಪಾಗ್ಯಾವ ನೋಡ್ರಿ" ಅಂತ ಎಲ್ಲಾರೂ ನಗತಾರ, ಫೋಟೋ ತಗೀತಾರ. ಅದ ವಯಸ್ಸಿನ ಹೆಣ್ಮಗಳು ಅದರ ಅರ್ಧಾ ತೂಕದ ಸ್ಕೂಟರ್ ತಂದು ಬಾಗಲ ಮುಂದ ನಿಂದರಿಸಿದ್ರ? ಪೇಢೆ ತಿನ್ಕೋತನ ಕೇಳ್ತಾರ, "ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ ಬೇಕಿತ್ರಿ ವೈನಿ?"

ನನಗೂ ಕೇಳ್ಯಾರ. ನನಗೀಗ ಅರವತ್ತೊಂದು. ಇಪ್ಪತ್ತೆರಡು ವರ್ಷ ಬಿಟ್ಟಿದ್ದ ಗಾಡಿ ಮತ್ತ ಹಿಡದೀನಿ, ಅದೂ ಹೊಸಾದು. ಕೇಳಿದಾವರೊಳಗ ಇದನ್ನ ಓದೋ ಅಕ್ಕಂದ್ರು, ಕಾಕುಗೋಳೂ ಇದ್ದೀರಿ, ಪ್ರೀತಿಯಿಂದನ ಕೇಳೀರಿ. ಒಬ್ಬೊಬ್ಬರಿಗೆ ಉತ್ತರಾ ಹೇಳೋ ಬದ್ಲಿ ಇಲ್ಲೇ ಬರದುಬಿಡ್ತೀನಿ. ನನ್ನ ಪ್ರಕಾರ "ಈ ವಯಸ್ಸಿಗೆ ಯಾಕ" ಅನ್ನೋದು ಕೇಳಬೇಕಾದ ಪ್ರಶ್ನೆನ ಅಲ್ಲ. ಯಾವ ಗಾಡಿ, ಎಷ್ಟು ರೂಢಿ, ಯಾವ ರಸ್ತೆ, ಯಾವಾಗ ಬಿಡೋದು, ಈ ನಾಕು ಕೇಳಬೇಕು. ಬುಲೆಟ್ ತಂದ ರಾಯರಿಗೂ ಕೇಳಬೇಕು, ನಮಗೂ ಕೇಳಬೇಕು.

ಮೊದಲ ಒಂದು ಮಾತು. ನಮ್ಮ ವಯಸ್ಸಿನಾವರಿಗೆ ಗಾಡಿ ಹೊಸದಲ್ಲ. ಲೂನಾ ಬಂದದ್ದು 1972ರಾಗ. 50 ಸಿಸಿ ಎಂಜಿನ್, ಪೆಡಲ್ ತುಳದು ಚಾಲೂ ಮಾಡೋದು, ಪೆಟ್ರೋಲಿನ್ಯಾಗ ಆಯಿಲ್ ಕೂಡಿಸಿ ಹಾಕೋದು. ಮಾಳಮಡ್ಡಿ ಏರು ಬಂತಂದ್ರ ನಾವೂ ಪೆಡಲ್ ತುಳದು ಅದಕ್ಕ ಜೋಡಾಗಬೇಕಾಗ್ತಿತ್ತು. ಮುಂದ 1984ರಾಗ ಕೈನೆಟಿಕ್ ಹೋಂಡಾ ಬಂತು. ಗೇರ್ ಇಲ್ಲ, ಗುಂಡಿ ಒತ್ತಿದ್ರ ಚಾಲೂ. ಸೀರಿ ಉಟ್ಟಾಕಿ ಕಿಕ್ ಹೊಡಿಯೋ ತ್ರಾಸ ತಪ್ಪಿತು. ಟೀಚರ್, ನರ್ಸು, ಬ್ಯಾಂಕಿನಾಕಿ, ಎಲ್ಲಾರೂ ಇಂಥಾ ಗಾಡಿ ಮ್ಯಾಲೆನ ನೌಕರಿ ಮಾಡಿದಾವರು. 2001ರಾಗ ಆಕ್ಟಿವಾ ಬಂತು, ನಮ್ಮ ಹೆಣ್ಮಕ್ಕಳು ಸೊಸೆಂದ್ರು ಅದರ ಮ್ಯಾಲೆ ಕಲ್ತ್ರು. ಹಿಂದ ಓಡಿಕೋತ ಸೀಟ್ ಹಿಡದು ಕಲಿಸಿದಾವರು ಯಾರು? ನಾವ.

ಹಂಗಾದ್ರ ನಾವು ಬಿಟ್ಟದ್ದು ಯಾಕ? "ಬಿಡು" ಅಂತ ಯಾರೂ ಹೇಳಲಿಲ್ಲ. ಎರಡನೇ ಕೂಸು ಆತು, ಬೆನ್ನುನೋವು ಬಂತು, ಮನಿಗೆ ಕಾರು ಬಂತು. "ನಾ ಬಿಟ್ಟು ಬರ್ತೀನಿ ತಗೋ" ಅನ್ನೋ ಗಂಡ, ಆಮ್ಯಾಲೆ ಬೈಕ್ ತಗೊಂಡ ಮಗ. ನಮ್ಮ ಗಾಡಿ ಟಯರಿನ ಗಾಳಿ ಹೋಗಿ ಮೂಲ್ಯಾಗ ನಿಂತಿತು, ಒಂದಿನ ಯಾರೋ ಬಂದು ತಗೊಂಡು ಹೋದ್ರು. ಲೈಸೆನ್ಸಿನ ಮುದ್ದತ್ತು ಮುಗದದ್ದೂ ಗೊತ್ತಾಗಲಿಲ್ಲ. ಇದನ್ನ ನಾ ದೂರು ಅಂತ ಹೇಳವಲ್ಲೆ. ಬಿಟ್ಟು ಬರ್ತೀನಿ ಅನ್ನೋದು ಪ್ರೀತಿನ. ಆದ್ರ ಆ ಪ್ರೀತಿ ಒಬ್ಬರ ಮೈ ಗಟ್ಟಿ ಇರೋತನಕ ಅಷ್ಟ ನಡೀತದ.

ನಮ್ಮನ್ಯಾಗ ಆದದ್ದೂ ಅದ. ಹೋದ ವರ್ಷ ನಮ್ಮ ಮನಿಯವರಿಗೆ ಕಣ್ಣಿನ ಗ್ಲಾಕೋಮಾ ಅಂತ ಗೊತ್ತಾತು. ನೇರ ನೋಡಿದ್ರ ಎಲ್ಲಾ ಕಾಣಸ್ತದ, ಬಾಜೂಕಿಂದ ಬರೋ ಗಾಡಿ ಕಾಣಂಗಿಲ್ಲ. ಡಾಕ್ಟರ್ ಖಡಕ್ಕಾಗಿ ಹೇಳಿದ್ರು, ಇನ್ನ ಕಾರೂ ಬ್ಯಾಡ, ಗಾಡಿನೂ ಬ್ಯಾಡ. ಒಬ್ಬರ ಕಣ್ಣಿಗೆ ತ್ರಾಸಾತು, ಇಬ್ಬರ ಕಾಲು ಕಟ್ಟಿಹಾಕಿದಂಗಾತು. ಕಾಯಿಪಲ್ಲೆ, ಔಷಧ ಅಂಗಡಿ, ನುಗ್ಗಿಕೇರಿ ಹನುಮಪ್ಪ, ತಂಗಿ ಮನಿ, ಎಲ್ಲಾದಕ್ಕೂ ಆಟೋ, ಇಲ್ಲಾ ಬಾಜೂಮನಿ ಹುಡುಗನ ಮಾರಿ ನೋಡೋದು. ಮಕ್ಕಳು ಪುಣೆ, ಬೆಂಗಳೂರಿನ್ಯಾಗ ಕೂತು ಮೊಬೈಲ್‌ದಾಗ ಸಾಮಾನು ಕಳಸ್ತಾರ, ಒಳ್ಳೇದನ. ಆದ್ರ ಅವರು ಕಳಸಿದ ಬದನಿಕಾಯಿ ನಾ ಆರಿಸಿದ್ದಲ್ಲ. ಸಣ್ಣ ಮಾತು ಅನ್ನಸ್ತದ, ದಿನಾ ದಿನಾ ಆದ್ರ ಸಣ್ಣದಲ್ಲ.

"ಬಸ್ಸು ಫ್ರೀ ಅದಲ್ಲ" ಅಂತೀರಿ. ಖರೆ, 2023ರ ಜೂನ್‌ದಿಂದ ಶಕ್ತಿ ಯೋಜನೆ ಬಂದದ, ಹುಬ್ಬಳ್ಳಿಗೆ ನಾನೂ ಬಸ್ಸಿಗೇ ಹೋಗಾಕಿ. ಬಸ್ಸು ದೊಡ್ಡ ರಸ್ತೆದಾಗ ಇಳಸ್ತದ. ಅಲ್ಲಿಂದ ನಮ್ಮ ಮನಿ ಒಂದು ಕಿಲೋಮೀಟರ್ ಏರು, ಕೈಯಾಗ ಚೀಲ, ಮೊಳಕಾಲಾಗ ನೋವು. ಆ ಒಂದು ಕಿಲೋಮೀಟರಿಗೆ ಗಾಡಿ ಬೇಕು.

ಈಗ ನನ್ನ ನಾಕು ಪ್ರಶ್ನೆ.

ಮೊದಲನೇದು, ಯಾವ ಗಾಡಿ. ಅಂಗಡಿಗೆ ಹೋದ್ರ ಬಣ್ಣ ತೋರಸ್ತಾರ, ಮೈಲೇಜ್ ಹೇಳ್ತಾರ. ನಾವು ನೋಡಬೇಕಾದ್ದು ತೂಕ ಮತ್ತ ಸೀಟಿನ ಎತ್ತರ. ಈಗಿನ ಬುಲೆಟ್ 350 ಸುಮಾರು 195 ಕಿಲೋ, ಸೀಟ್ 805 ಮಿಲಿಮೀಟರ್ ಎತ್ತರ. ಆಕ್ಟಿವಾದಂಥಾ 110 ಸಿಸಿ ಸ್ಕೂಟರ್ ಸುಮಾರು 106 ಕಿಲೋ, ಸೀಟ್ 765ರ ಆಸುಪಾಸು. ನಾಕು ಸೆಂಟಿಮೀಟರ್ ಏನು ದೊಡ್ಡ ಫರಕು ಅನ್ನಬ್ಯಾಡ್ರಿ. ಐದು ಫೂಟಿನ ಹೆಣ್ಮಗಳಿಗೆ ಅಂಗಾಲು ಪೂರಾ ನೆಲಕ್ಕ ಊರ್ತದೋ, ಬರೇ ಬೆರಳ ತುದಿ ಮುಟ್ತದೋ ಅನ್ನೋದು ಅಷ್ಟರಾಗನ ತೀರ್ಮಾನ ಆಗ್ತದ. ಸೀಟ್ ಅಗಲ ಇದ್ರ ಎತ್ತರ ಕಡಿಮಿ ಇದ್ರೂ ಕಾಲು ಮುಟ್ಟಂಗಿಲ್ಲ. ನಮ್ಮಂಥಾವರು ಬೀಳೋದು ಬರೇ ಜೋರಾಗಿ ಹೋಗಿ ಅಲ್ಲ. ನಿಂತಾಗ, ಹೊಳ್ಳಸುವಾಗ, ಇಳಿಜಾರಿನ್ಯಾಗ ಹಿಂದಕ ತಗಿಯುವಾಗ ಗಾಡಿ ವಾಲ್ತದ, ತಡೀಲಿಕ್ಕೆ ಆಗಂಗಿಲ್ಲ. ಮುಟ್ಟು ನಿಂತ ಮ್ಯಾಲೆ ಎಲುಬು ಸವೀತಾವ, ಕೈ ಊರಿ ಬಿದ್ರ ಮಣಿಕಟ್ಟು ಮುರೀತದ. ಅದಕ್ಕ ಅಂಗಡ್ಯಾಗ ಮನಿಯಾಗಿನ ಚಪ್ಪಲಿ ಹಾಕ್ಕೊಂಡು, ದಿನಾ ಉಡೋ ಅರಿವ್ಯಾಗನ ಹತ್ತಿ ಕೂತು ನೋಡ್ರಿ. ಎಂಜಿನ್ ಬಂದ್ ಮಾಡಿ ಹತ್ತು ಹೆಜ್ಜಿ ಹಿಂದಕ ನೂಕಿ ನೋಡ್ರಿ. ಆಗಲಿಲ್ಲಂದ್ರ ಅದು ನಮ್ಮ ಗಾಡಿ ಅಲ್ಲ.

ಬ್ಯಾಟರಿ ಗಾಡಿನೂ ನೋಡ್ರಿ. ನಮ್ಮ ಲೂನಾನ 2024ರಾಗ ಬ್ಯಾಟರಿ ಗಾಡಿಯಾಗಿ ತಿರುಗಿ ಬಂದದ, ತೂಕ 96 ಕಿಲೋ. ಐವತ್ತೆರಡು ವರ್ಷದ ಮ್ಯಾಲೆ ಬಂದ ಅದಕ್ಕ ಯಾರೂ ವಯಸ್ಸು ಕೇಳಲಿಲ್ಲ! ಬ್ಯಾಟರಿ ಗಾಡಿದು ಒಂದ ಮಾತು ನೆನಪಿಡ್ರಿ: ಚಾಲೂ ಇದ್ರೂ ಸಪ್ಪಳ ಇಲ್ಲ. ಬಂದ್ ಅದ ಅಂದ್ಕೊಂಡು ಇಳಿಯುವಾಗ ಬಲಗೈ ತಿರುಗಿತಂದ್ರ ಗಾಡಿ ಜಿಗದು ಹೋಗ್ತದ. ನಿಂತ ಕೂಡಲೆ ಕೀಲಿ ತಿರುವೋದು ರೂಢಿ ಮಾಡ್ಕೋಬೇಕು.

ಎರಡನೇದು, ರೂಢಿ. ಸೈಕಲ್ ಹೊಡಿಯೋದು ಮರಿಯಂಗಿಲ್ಲ ಅಂತಾರ. ಕೈ ಮರಿಯಂಗಿಲ್ಲ, ಆದ್ರ ಗಾಡಿ ಬದಲಾಗ್ಯಾವ. ಹಳೆ ಬುಲೆಟ್‌ದಾಗ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಇರ್ತಿತ್ತು. ಈಗ ಉಲ್ಟಾ. ರಾಯರ ಕಾಲು ಮೂವತ್ತು ವರ್ಷದ ಹಿಂದಿಂದ ನೆನಪಿಟ್ಟಿರ್ತದ, ಗಾಬರಿ ಆದಾಗ ಬ್ರೇಕ್ ಅಂತ ಗೇರ್ ತುಳೀತದ. ನಮ್ಮ ಸ್ಕೂಟರಿನ್ಯಾಗ 2019ರಿಂದ ಬ್ರೇಕಿನ ರೀತಿ ಬ್ಯಾರೆ. ಎಡಗೈ ಬ್ರೇಕ್ ಹಿಡದ್ರ ಮುಂದಿನ ಚಕ್ರಕ್ಕೂ ಒಂದಿಷ್ಟು ಹಿಡೀತದ. ಒಳ್ಳೇದನ, ಆದ್ರ ಕೈಗೆ ತಿಳೀಲಿಕ್ಕೆ ದಿನಾ ಬೇಕು. ಹಗಲೊತ್ತು ಲೈಟ್ ಹತ್ತೇ ಇರ್ತದ, ಅದನ್ನ ಕೆಟ್ಟದ ಅನ್ಕೋಬ್ಯಾಡ್ರಿ, ಈಗಿನ ನಿಯಮನ ಹಂಗ.

ನಾ ಒಂದು ತಿಂಗಳು ಮುಂಜಾನೆ ಆರೂವರಿಗೆ ಓಣಿ ಹಿಂದಿನ ಬೈಲಿನ್ಯಾಗ ರೂಢಿ ಮಾಡೀನಿ. ಮೊದಲ ವಾರ ಬರೇ ನೂಕೋದು, ನಡೂ ಸ್ಟ್ಯಾಂಡ್ ಹಾಕೋದು. ಆಮ್ಯಾಲೆ ನಡದಷ್ಟ ಸಾವಕಾಶ ಎಂಟರ ಆಕಾರ ತಿರುಗಿಸೋದು. ಸಾವಕಾಶ ಹೊಡಿಯೋದನ ಕಠಿಣ ನೋಡ್ರಿ, ಅದು ಬಂದ್ರ ಸಂತ್ಯಾಗ ಹೆದರಿಕಿಲ್ಲ. ಆಮ್ಯಾಲೆ ಇಪ್ಪತ್ತರ ವೇಗದಾಗ ಗಕ್ಕನ ನಿಲ್ಲಸೋದು, ಹತ್ತು ಸಲ, ದಿನಾ. ಕಡೀಕೆ ಕುತ್ತಿಗಿ. ನಮ್ಮ ಕುತ್ತಿಗಿ ಮೊದಲಿನಂಗ ಹೊರಳಂಗಿಲ್ಲ. ಎರಡೂ ಕನ್ನಡಿ ಸರಿಯಾಗಿ ಕೂಡಿಸ್ಕೊಂಡು, ಭುಜದ ಮ್ಯಾಲಿಂದ ಒಮ್ಮೆ ನೋಡೋದು ಬಿಡಬಾರದು.

ರೂಢಿ ಜೋಡಿನ ಕಾಗದಾನೂ ನೋಡ್ರಿ. ಮುದ್ದತ್ತು ಮುಗದು ಒಂದು ವರ್ಷ ದಾಟಿದ್ರ ಮತ್ತ ಪರೀಕ್ಷಾ ಕೊಡಬೇಕು, 2019ರ ತಿದ್ದುಪಡಿ ಹಂಗ ಹೇಳ್ತದ. ನನ್ನದು ಮುಗದು ಇಪ್ಪತ್ತು ವರ್ಷ ಆಗಿತ್ತು, ಎಲ್‌ಎಲ್‌ದಿಂದನ ಶುರು ಮಾಡಿದೆ. ಎಲ್‌ಎಲ್ ಬಂದ ಮ್ಯಾಲೆ ಕಡಿಮಿ ಅಂದ್ರ 30 ದಿನಾ ಆಗಬೇಕು ಪರೀಕ್ಷಾಕ್ಕ. ಅದು ಬ್ಯಾಸರದ ಮಾತಲ್ಲ, ರೂಢಿಗೆ ಸಿಕ್ಕ ತಿಂಗಳು. ಡಾಕ್ಟರ ಸರ್ಟಿಫಿಕೇಟ್ ಬೇಕಾಗ್ತದ. ಐವತ್ತೈದು ದಾಟಿದಾವರಿಗೆ ಲೈಸೆನ್ಸ್ ಐದು ವರ್ಷಕ್ಕಷ್ಟ ಕೊಡ್ತಾರ. ಗೇರ್ ಇಲ್ಲದ ಗಾಡಿ ಲೈಸೆನ್ಸ್ ಇಟ್ಕೊಂಡು ಗಂಡನ ಗೇರ್ ಬೈಕ್ ಹೊಡೀಲಿಕ್ಕೆ ಬರಂಗಿಲ್ಲ. ಲೈಸೆನ್ಸ್ ಸರಿ ಇಲ್ಲಂದ್ರ, ಏನರೆ ಆದಾಗ ವಿಮಾದವರು ರೊಕ್ಕ ಕೊಡ್ಲಿಕ್ಕೆ ತಕರಾರು ತಗೀತಾರ.

ಮೂರನೇದು, ರಸ್ತೆ. ಎಲ್ಲಾ ರಸ್ತೆ ನಮ್ಮವಲ್ಲ ಅಂತ ಒಪ್ಕೊಂಡ್ರ ನಮ್ಮ ರಸ್ತೆದಾಗ ಆರಾಮ ಇರ್ತೀವಿ. ನಾ ಬೈಪಾಸ್ ಕಡೆ ಹೋಗಂಗಿಲ್ಲ. ದೀಪ ಹಚ್ಚೋ ಹೊತ್ತಿಗೆ ಗಾಡಿ ಒಳಗ. ನಮ್ಮ ವಯಸ್ಸಿಗೆ ಕತ್ತಲ್ಯಾಗ ಎದುರಿನ ಗಾಡಿ ಲೈಟ್ ಕಣ್ಣಾಗ ಹೊಡದ್ರ ಚೇತರಿಸ್ಕೊಳ್ಳಿಕ್ಕೆ ಹೊತ್ತು ಹಿಡೀತದ. ಎರಡು ನಂಬರಿನ ಚಾಳೀಸು ಇದ್ದಾವರು ಇದನ್ನ ಕೇಳ್ರಿ: ತಗ್ಗು ನೋಡ್ಲಿಕ್ಕೆ ಬರೇ ಕಣ್ಣು ಕೆಳಗ ಮಾಡಿದ್ರ ಓದೋ ಕಾಜಿನ್ಯಾಗಿಂದ ನೋಡಿದಂಗಾಗಿ ನೆಲ ಮಂಜು ಕಾಣಸ್ತದ. ದೂರದ ನಂಬರಿನ ಚಾಳೀಸು ಬ್ಯಾರೆ ಮಾಡಿಸ್ಕೋರಿ. ಧಾರವಾಡದ ಜಿಟಿಜಿಟಿ ಮಳಿ ಶುರುವಾದ್ರ ಎರಿ ಮಣ್ಣು ರಸ್ತೆಗೆ ಬಂದು ಬೆಣ್ಣಿ ಹಚ್ಚಿದಂಗಿರ್ತದ. ಅವತ್ತು ಬಸ್ಸು, ಆಟೋ. ಅದಕ್ಕ ನಾಚಿಕಿ ಇಲ್ಲ.

ಸೆರಗು ಸಿಗಸ್ಕೊಂಡು, ವೇಲು ಎದಿ ಮ್ಯಾಲಿಂದ ಹಿಂದ ತಂದು ಗಂಟು ಹಾಕ್ರಿ. ಹಿಂದಿನ ಚಕ್ರಕ್ಕ ಜಾಳಿಗಿ ಇಲ್ಲದ ಗಾಡಿ ತಗೋಬ್ಯಾಡ್ರಿ, ಅರವಿ ಸಿಗದಂಗ ಅದು ಇರಬೇಕಂತ ಕಾಯ್ದೆನ ಅದ. ಹೆಲ್ಮೆಟ್ ಐಎಸ್‌ಐದ್ದು, ಕಿವಿ ಮುಚ್ಚೋದು, ಪಟ್ಟಿ ಬಿಗದು. ತುರುಬು ಮ್ಯಾಲಿದ್ರ ಹೆಲ್ಮೆಟ್ ಕೂಡಂಗಿಲ್ಲ, ಜಡಿ ಕೆಳಗ ಹಾಕ್ಕೋರಿ. ಹಿಂದ ಕೂತಾವರಿಗೂ ಹೆಲ್ಮೆಟ್ ಬೇಕು. ನಮ್ಮ ಮನಿಯವರಿಗೆ ಮೊದಲ ಸಂಕೋಚ ಇತ್ತು, ಹೆಲ್ಮೆಟ್ಟಿಗಲ್ಲ, ಹಿಂದ ಕೂಡ್ಲಿಕ್ಕೆ. ಈಗ ಹನುಮಪ್ಪನ ಗುಡಿಗೆ ಹೋಗುವಾಗ "ಎಡಕ ತಗ್ಗದ ನೋಡು" ಅಂತ ಅವರ ದಾರಿ ಹೇಳ್ತಾರ.

ಮೈಸೂರಿನ ಕೃಷ್ಣಕುಮಾರ್ ಅವರ ಸುದ್ದಿ ನೀವೆಲ್ಲಾ ನೋಡೀರಿ. 2018ರಿಂದ ತಾಯಿ ಚೂಡಾರತ್ನ ಅವರನ್ನ ಅಪ್ಪ ಕೊಡಿಸಿದ ಹಳೆ ಚೇತಕ್ ಸ್ಕೂಟರ್ ಮ್ಯಾಲೆ ಕೂಡಿಸ್ಕೊಂಡು ದೇಶದ ತೀರ್ಥಕ್ಷೇತ್ರ ಎಲ್ಲಾ ತೋರಿಸ್ಯಾರ. ಸಾವಿರಾರು ಕಿಲೋಮೀಟರ್, ಎಪ್ಪತ್ತರ ಆಸುಪಾಸಿನ ತಾಯಿ. ಅಂಥಾ ಮಗ ಎಲ್ಲಾರಿಗೂ ಸಿಗಲಿ. ಆದ್ರ ಒಂದು ಯೋಚನಿ ಮಾಡ್ರಿ. ಆ ವಯಸ್ಸಿನಾಕಿ ದಿನಾ ನೂರಾರು ಕಿಲೋಮೀಟರ್ ಹಿಂದ ಕೂತ್ರ ನಾವು ಕೈ ಮುಗೀತೀವಿ. ಮುಂದ ಕೂತು ಎರಡು ಕಿಲೋಮೀಟರ್ ಕಾಯಿಪಲ್ಲೆಗೆ ಹೋದ್ರ ಹುಬ್ಬು ಏರಸ್ತೀವಿ. ಬಿದ್ರ ಇಬ್ಬರ ಎಲುಬೂ ಒಂದ.

ನಾಕನೇದು, ಯಾವಾಗ ಬಿಡೋದು. ಮಗ ಫೋನಿನ್ಯಾಗ ಸಿಟ್ಟು ಮಾಡಿದ. ಅವನ ಹೆದರಿಕಿ ಸುಳ್ಳಲ್ಲ, ದೂರದಾಗ ಇರೋವರಿಗೆ ಹೆದರಿಕಿ ಜಾಸ್ತಿನ. ಹೆದರಬ್ಯಾಡಪಾ ಅಂದ್ರ ಯಾರೂ ಕೇಳಂಗಿಲ್ಲ. ಅದಕ್ಕ ಷರತ್ತು ಬರದು ಕಳಸಿದೆ. ವರ್ಷಕ್ಕೊಮ್ಮೆ ಕಣ್ಣು ತೋರಸ್ತೀನಿ, ಡಾಕ್ಟರ್ ಬ್ಯಾಡ ಅಂದ ದಿನಾ ಕೀಲಿ ಕೊಡ್ತೀನಿ. ತಲಿ ತಿರುಗೋ ಗುಳಗಿ ಏನರೆ ಶುರುವಾದ್ರ, ಡಾಕ್ಟರಿಗೆ ಕೇಳೋತನಕ ಗಾಡಿ ಮುಟ್ಟಂಗಿಲ್ಲ. ಬಂದ್ ಗಾಡಿನ ಹತ್ತು ಹೆಜ್ಜಿ ಹಿಂದಕ ನೂಕ್ಲಿಕ್ಕೆ ಆಗದ ದಿನಾ ಮಾರ್ತೀನಿ. ಎದುರಿನ ಗಾಡಿ ಒಂದ ತಿಂಗಳದಾಗ ಎರಡು ಸಲ "ಎಲ್ಲಿಂದ ಬಂತಪಾ ಇದು" ಅನ್ನಿಸಿದ್ರ ಅವತ್ತಿಗೆ ಸಾಕು. ಓದಿ ಮಗ ಗಪ್ಪಾದ, ಆಮ್ಯಾಲೆ ಹೆಲ್ಮೆಟ್ ಕಳಸಿದ.

ಇಂಥಾ ಷರತ್ತು ರಾಯರ ಬುಲೆಟ್ಟಿಗೂ ಬೇಕು. ಅವರಿಗೆ ಯಾರೂ ಕೇಳಂಗಿಲ್ಲ, ಅದು ಅವರಿಗೇ ನಷ್ಟ. ನಮಗ ಬರೇ "ಯಾಕ" ಅಂತ ಕೇಳ್ತಾರ, ಅದರಿಂದ ಯಾರಿಗೂ ಉಪಯೋಗಿಲ್ಲ. ಒಮ್ಮೆ ನಾವಾಗೇ ಬಿಟ್ಟದ್ದು ನಮಗ ತಿಳೀದಂಗ ಹೋತು. ಎರಡನೇ ಸಲ ಬಿಡೋದು ನಮ್ಮ ಲೆಕ್ಕದಾಗ, ನಮ್ಮ ತಾರೀಖಿಗೆ ಆಗಲಿ.

ಎಲ್ಲಾರೂ ಗಾಡಿ ತಗೋರಿ ಅಂತ ನಾ ಹೇಳಂಗಿಲ್ಲ. ಮೈಗೆ ಆಗದಾವರಿಗೆ ಆಗಂಗಿಲ್ಲ, ಮನಸ್ಸಿಲ್ಲದಾವರಿಗೆ ಬ್ಯಾಡ. ಆದ್ರ ಹಿಂದಕ ಹೊಡೀತಿದ್ದಾವರು, ಈಗ ಬಾಗಲದಾಗ ನಿಂತು ಯಾರ ಗಾಡಿ ಬರ್ತದ ಅಂತ ಕಾಯೋವರು ನಮ್ಮ ಓಣ್ಯಾಗನ ಏಳೆಂಟು ಮಂದಿ ಇದ್ದೀರಿ. ಟ್ರಂಕಿನ್ಯಾಗ, ಬೀರುದಾಗ ಹಳೆ ಲೈಸೆನ್ಸ್ ಇದ್ರ ತಗದು ತಾರೀಖು ನೋಡ್ರಿ. ರೂಢಿ ಮಾಡಬೇಕಂದ್ರ ಮುಂಜಾನೆ ಆರೂವರಿಗೆ ಬೈಲು ಖಾಲಿ ಇರ್ತದ, ನಾ ಬರ್ತೀನಿ. ನನ್ನ ಗಾಡಿ ತರ್ತೀನಿ, ಹೆಲ್ಮೆಟ್ ನೀವು ತರ್ರಿ.