ನೀರು ಹಸಿರಾಗುವ ಮೊದಲೇ: ಶಿರಹಟ್ಟಿಯ ಬಂಧುಗಳಲ್ಲಿ ಒಂದು ಮನವಿ



ನಳ ಬಿಡುವ ದಿನ ಬೆಳಿಗ್ಗೆ ಯಾವುದೇ ಓಣಿಯಲ್ಲಿ ನಡೆದುಹೋಗಿ ನೋಡಿ. ಸಂಪಿನ ಮುಚ್ಚಳ ತೆಗೆದಿರುತ್ತದೆ. ಒಳಗೋಡೆಗೆ ಹಸಿರು ಪಾಚಿ ಹಿಡಿದಿರುತ್ತದೆ. ಮನೆಯವರು ಉಳಿದ ನೀರನ್ನು ಬಕೆಟ್‌ಗಟ್ಟಲೆ ಎತ್ತಿ ಗಟಾರಕ್ಕೆ ಸುರಿಯುತ್ತಿರುತ್ತಾರೆ. ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಅದಕ್ಕಿಂತಲೂ ತಡವಾಗಿ ನೀರು ಕಾಣುವ ಊರಿನಲ್ಲಿ ಅವತ್ತು ಗಟಾರ ತುಂಬಿ ಹರಿಯುತ್ತದೆ. ಅದೇ ಓಣಿಯ ಕೊನೆಯ ಮನೆಗೆ ಮಾತ್ರ ನೀರು ಏರುವುದಿಲ್ಲ.

ಈ ಮನವಿ ಆ ಚೆಲ್ಲುವ ನೀರಿನ ಬಗ್ಗೆ. ನೀರು ಕೆಟ್ಟ ಮೇಲೆ ಚೆಲ್ಲುವುದು ಬೇಡ, ಕೆಡದಂತೆ ನೋಡಿಕೊಳ್ಳೋಣ. ಅದಕ್ಕೆ ಬೇಕಾದ ಸಾಮಾನೆಲ್ಲ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ.

ಮೊದಲು ಪಾಚಿಯ ವಿಷಯ. ಪಾಚಿ ಬೆಳೆಯಲು ನೀರಿನ ಜೊತೆಗೆ ಬಿಸಿಲು ಬೇಕು, ಸ್ವಲ್ಪ ಗೊಬ್ಬರದಂಥ ಆಹಾರ ಬೇಕು. ಆಹಾರವನ್ನು ನಾವೇ ಒದಗಿಸುತ್ತೇವೆ: ಟಾಕಿಯ ತಳದಲ್ಲಿ ಕೂತ ಕೆಸರು, ಮುಚ್ಚಳವಿಲ್ಲದ ಬಾಯಿಯಿಂದ ಬೀಳುವ ಎಲೆ, ಹಕ್ಕಿಯ ಹಿಕ್ಕೆ, ಹೊಲದ ಕಡೆಯಿಂದ ತೂರಿ ಬರುವ ಮಣ್ಣು. ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ. ಆದರೆ ಈ ಮೂರರಲ್ಲಿ ಪುಕ್ಕಟೆಯಾಗಿ ತಡೆಯಬಹುದಾದದ್ದು ಬಿಸಿಲೇ. ಬೆಳಕು ಹೋಗದ ಕತ್ತಲೆ ಟಾಕಿಯಲ್ಲಿ ಹಸಿರು ಪಾಚಿ ಬೆಳೆಯುವುದಿಲ್ಲ. ಹಾಗಾಗಿ ಮೇಲಿನ ಟಾಕಿ ಕೊಳ್ಳುವಾಗ ಕಪ್ಪು ಬಣ್ಣದ್ದೋ ಒಳಪದರ ಇರುವುದೋ ನೋಡಿ ತನ್ನಿ. ಬಿಸಿಲಿನಲ್ಲಿ ಒಳಗಿನ ನೀರಿನ ಮಟ್ಟ ಹೊರಗೆ ಕಾಣುವ ತೆಳು ಟಾಕಿ ಈಗಾಗಲೇ ಮನೆಯಲ್ಲಿದ್ದರೆ, ಅದಕ್ಕೆ ಗೋಣಿತಾಟು ಸುತ್ತಿ, ಇಲ್ಲವೇ ಮೇಲೊಂದು ತಗಡು ಹೊದಿಸಿ.

ಇನ್ನು ಮುಚ್ಚಳ. ಗದಗ ಸೀಮೆಯ ಗಾಳಿ ಎಂಥದ್ದೆಂದು ಕಪ್ಪತಗುಡ್ಡದ ಸುತ್ತ ನಿಂತಿರುವ ಗಾಳಿಯಂತ್ರಗಳೇ ಹೇಳುತ್ತವೆ. ಆಷಾಢದಲ್ಲಿ ಹಾರಿಹೋದ ಮುಚ್ಚಳ ಹುಡುಕಿ ತರುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಒಂದು ಕಲ್ಲು ಹೇರಿದರೆ ಸಾಲದು, ಮಂಗ ಅದನ್ನು ಉರುಳಿಸುತ್ತದೆ. ಮುಚ್ಚಳದ ಎರಡು ಕಡೆ ತೂತು ಮಾಡಿ ಕಟ್ಟುವ ತಂತಿಯಿಂದ ಟಾಕಿಯ ಕುತ್ತಿಗೆಗೆ ಬಿಗಿಯಿರಿ. ಹೆಚ್ಚಾದ ನೀರು ಹೊರಹೋಗುವ ಪೈಪಿನ ಬಾಯಿಗೆ ಹಳೆಯ ಸೊಳ್ಳೆಪರದೆಯ ತುಂಡು ಇಟ್ಟು, ಸೈಕಲ್ ಟ್ಯೂಬಿನ ರಬ್ಬರಿನಿಂದ ಸುತ್ತಿ ಕಟ್ಟಿ. ಡೆಂಗಿ ಹರಡುವ ಸೊಳ್ಳೆ ಗಟಾರದ ಸೊಳ್ಳೆಯಲ್ಲ. ಅದು ಮೊಟ್ಟೆಯಿಡುವುದು ನಾವು ಕೂಡಿಟ್ಟ ತಿಳಿನೀರಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಏಳರಿಂದ ಹತ್ತು ದಿನ ಸಾಕು, ನಮ್ಮ ಎರಡು ನಳದ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಎಂದಿತು. ದಂಡ ಯಾರು ಕಟ್ಟಿದರೋ ಬಿಟ್ಟರೋ, ಜ್ವರವಂತೂ ರಸೀದಿ ಕೇಳಿ ಬರುವುದಿಲ್ಲ.

ಮುಚ್ಚಳ ಬಿಗಿದ ಮೇಲೆ ಬ್ಲೀಚಿಂಗ್ ಪೌಡರ್. 1908ರಲ್ಲಿ ಅಮೆರಿಕದ ಜರ್ಸಿ ಸಿಟಿಯಲ್ಲಿ ಊರಿಗೆಲ್ಲ ಹರಿಯುವ ನೀರಿಗೆ ದಿನವೂ ಕ್ಲೋರಿನ್ ಸೇರಿಸಲು ಶುರು ಮಾಡಿದಾಗ ಬಳಸಿದ್ದು ಇದೇ ಬಗೆಯ ಸುಣ್ಣದ ಪುಡಿಯನ್ನು. ಪುಡಿ ಒಳ್ಳೆಯದೇ, ಆದರೆ ನಾವು ಹಾಕುವ ರೀತಿ ಸರಿಯಿಲ್ಲ. ಕೆಲವರು ಹಿಡಿಗಟ್ಟಲೆ ಎಸೆಯುತ್ತಾರೆ. ನೀರು ಮೂಗಿಗೆ ಹೊಡೆಯುವಂತಾಗಿ, ಮಕ್ಕಳು ಕುಡಿಯಲೊಲ್ಲದೆ ಅದೂ ಗಟಾರ ಸೇರುತ್ತದೆ. ಕೆಲವರು ವರ್ಷದಿಂದ ಬಾಯಿ ತೆರೆದಿಟ್ಟ ಪೊಟ್ಟಣದ ಪುಡಿ ಹಾಕಿ ನಿಶ್ಚಿಂತರಾಗುತ್ತಾರೆ. ಹೊಸ ಪುಡಿಯಲ್ಲಿ ನೂರಕ್ಕೆ ಮೂವತ್ತರ ಆಸುಪಾಸು ಕ್ಲೋರಿನ್ ಇರುತ್ತದೆ. ಗಾಳಿ, ತೇವ, ಬಿಸಿಲು ತಾಗಿದಂತೆಲ್ಲ ಅದು ಹಾರಿಹೋಗಿ ಬರೀ ಸುಣ್ಣ ಉಳಿಯುತ್ತದೆ. ಘಾಟು ವಾಸನೆ ಇಲ್ಲದ, ಗಂಟುಗಟ್ಟಿದ ಪುಡಿಯನ್ನು ಕೊಳ್ಳಬೇಡಿ.

ಅಳತೆ ಹೀಗಿದೆ: ತಿಳಿಯಾಗಿರುವ 1,000 ಲೀಟರ್ ನೀರಿಗೆ ಒಳ್ಳೆಯ ಪುಡಿ 2.5 ಗ್ರಾಂ. ಇಷ್ಟು ಚಿಕ್ಕ ತೂಕ ಯಾವ ತಕ್ಕಡಿಯಲ್ಲಿ ಎಂದು ಕೇಳಬೇಡಿ. ಅಂಗಡಿಯಲ್ಲಿ 25 ಗ್ರಾಂ ತೂಗಿಸಿಕೊಂಡು ಬಂದು, ಒಣ ಪೇಪರಿನ ಮೇಲೆ ಹತ್ತು ಸಮ ಗುಪ್ಪೆ ಮಾಡಿ. ಒಂದು ಗುಪ್ಪೆ ಒಂದು ಸಾವಿರ ಲೀಟರಿಗೆ. ಐದು ಸಾವಿರದ ಸಂಪಿಗೆ ಐದು ಗುಪ್ಪೆ. ಪುಡಿಯನ್ನು ನೇರ ಟಾಕಿಗೆ ಸುರಿಯದೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸ್ವಲ್ಪ ನೀರಿಗೆ ಕಲಸಿ, ಸುಣ್ಣ ತಳಕ್ಕೆ ಕೂರುವವರೆಗೆ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಹಾಕಿ. ತಳದ ಸುಣ್ಣ ಟಾಕಿಗೆ ಹೋದರೆ ಮತ್ತೆ ಕೆಸರಾಗುತ್ತದೆ.

ಹಾಕುವುದನ್ನು ರಾತ್ರಿ ಹಾಕಿ, ಬೆಳಿಗ್ಗೆ ಬಳಸಿ. ಇದಕ್ಕೆ ಎರಡು ಕಾರಣ. ಬಿಸಿಲಿಗೆ ತೆರೆದ ನೀರಿನಲ್ಲಿ ಕ್ಲೋರಿನ್ ಕೆಲವೇ ತಾಸಿನಲ್ಲಿ ಬಹುಪಾಲು ನಾಶವಾಗುತ್ತದೆ. ಎರಡನೆಯದು ನಮ್ಮ ನೆಲದ ಗುಣ. ಬೋರಿನ ನೀರು ಗಡಸು, ಜೊತೆಗೆ ಕ್ಷಾರದ ಕಡೆ ವಾಲುವಂಥದ್ದು. ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 7.5 ಇದ್ದಾಗ ಹಾಕಿದ ಕ್ಲೋರಿನ್ನಿನ ಅರ್ಧದಷ್ಟು ಕ್ರಿಮಿ ಕೊಲ್ಲುವ ಚುರುಕಾದ ರೂಪದಲ್ಲಿರುತ್ತದೆ. ಪಿಎಚ್ 8.5ಕ್ಕೆ ಏರಿದರೆ ಆ ಚುರುಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರೊಳಗಿರಲಿ ಎನ್ನುತ್ತದೆ ಭಾರತೀಯ ಮಾನಕ. ಅಂದರೆ ಮಾನಕದೊಳಗೇ ಇರುವ ನೀರೂ ಕ್ಲೋರಿನ್ನಿಗೆ ಮೊಂಡಾಗಿರಬಹುದು. ಹೆಚ್ಚು ಪುಡಿ ಸುರಿಯುವುದು ಇದಕ್ಕೆ ಪರಿಹಾರವಲ್ಲ, ಹೆಚ್ಚು ಹೊತ್ತು ಬಿಡಬೇಕು. ತಿಳಿನೀರಿಗೆ ಕಡಿಮೆಯೆಂದರೂ ಅರ್ಧ ತಾಸು ಬೇಕು, ನಮ್ಮ ನೀರಿಗೆ ಒಂದು ರಾತ್ರಿ ಕೊಡಿ.

ಮಳೆಗಾಲದಲ್ಲಿ ತುಂಗಭದ್ರೆಯ ಕೆಂಪು ನೀರು ನಳದಲ್ಲಿ ಬಂದಾಗ ಈ ಲೆಕ್ಕ ತಪ್ಪುತ್ತದೆ. ಕೆಸರು ಕ್ಲೋರಿನ್ನನ್ನು ನುಂಗಿಬಿಡುತ್ತದೆ. ಮೊದಲು ಪಟಿಕ ತಿರುವಿ ನೀರು ತಿಳಿಯಾಗಿಸಿ, ಆಮೇಲೆ ಪುಡಿ ಹಾಕಿ. ಪಟಿಕ ಹಾಕಿದರೆ ಕ್ರಿಮಿಯೂ ಸತ್ತಿತು ಎಂದುಕೊಳ್ಳುವವರು ಬಹಳ ಇದ್ದಾರೆ, ಹಾಗಲ್ಲ. ನೀರು ಕಣ್ಣಿಗೆ ಚೆಂದ ಕಂಡಿತೆಂಬುದನ್ನು ನಂಬಿ ಯಾರೂ ಕುಡಿಯಬಾರದು. 2023ರ ಆಗಸ್ಟ್ ಹೊತ್ತಿಗೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ಪತ್ರಿಕೆಯಲ್ಲಿ ಓದಿದ್ದೇವೆ.

ಮೈಲುತುತ್ತದ ವಿಷಯ ಒಂದು ಮಾತು. ಬೋರ್ಡೊ ದ್ರಾವಣಕ್ಕೆಂದು ರೈತರ ಮನೆಯಲ್ಲಿ ಅದು ಇದ್ದೇ ಇರುತ್ತದೆ, ಅದು ಪಾಚಿಯನ್ನು ಕೊಲ್ಲುವುದೂ ನಿಜ. ಅದಕ್ಕೇ ಒಂದು ಚೂರು ಟಾಕಿಗೆ ಎಸೆಯುವ ಆಸೆಯಾಗುತ್ತದೆ. ಖಂಡಿತ ಎಸೆಯಬೇಡಿ. ಅದರಲ್ಲಿರುವ ತಾಮ್ರ ಹೊಟ್ಟೆಗೆ ಹೋದರೆ ವಾಂತಿಭೇದಿ, ಹೆಚ್ಚಾದರೆ ಜೀವಕ್ಕೇ ಕುತ್ತು. ಮೇಲಾಗಿ ನಮ್ಮ ಕ್ಷಾರದ ಗಡಸು ನೀರಿನಲ್ಲಿ ಅದರ ಬಹುಭಾಗ ತಳಕ್ಕೆ ಕೂರುತ್ತದೆ, ಪಾಚಿಯೂ ಪೂರ್ತಿ ಸಾಯುವುದಿಲ್ಲ.

ಇನ್ನು ಫ್ಲೋರೈಡ್. ಮುಂಡರಗಿ, ಶಿರಹಟ್ಟಿ ಕಡೆಯ ಬೋರುಗಳಲ್ಲಿ ಫ್ಲೋರೈಡ್ ಇರುವುದು ಹಲ್ಲು ಕಂದಿದ ಮಕ್ಕಳನ್ನು ಕಂಡ ಯಾವ ಶಾಲೆಯ ಮಾಸ್ತರರಿಗೂ ಗೊತ್ತು. ಲೀಟರಿಗೆ 1 ಮಿಲಿಗ್ರಾಂ ಮೇಲೆ ಇರಬಾರದು, ಬೇರೆ ನೀರೇ ಇಲ್ಲವೆಂದರೆ 1.5ರವರೆಗೆ ಎಂದು ಮಾನಕವಿದೆ. ಕ್ಲೋರಿನ್ ಇದನ್ನು ತೆಗೆಯುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಆದ್ದರಿಂದ ಬೋರಿನ ನೀರಿಗೆ ಬ್ಲೀಚಿಂಗ್ ಹಾಕಿದ್ದೇವೆ ಎಂಬ ಧೈರ್ಯದ ಮೇಲೆ ಅದನ್ನೇ ಕುಡಿಯಬೇಡಿ. ಕುಡಿಯಲು ನದಿ ನೀರು ಅಥವಾ ಶುದ್ಧ ನೀರಿನ ಘಟಕದ ನೀರೇ ಆಗಲಿ.

ಘಟಕದ ನೀರು ತರುವವರೂ ತಮ್ಮ ಕ್ಯಾನನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಹಿಡಿಕೆಯ ಸಂದಿಯಲ್ಲಿ, ತಳದ ಗೆರೆಗಳಲ್ಲಿ ಹಸಿರು ಲೋಳೆ ಕಂಡೀತು. ಘಟಕದಲ್ಲಿ ಸೋಸುವಾಗ ಫ್ಲೋರೈಡಿನ ಜೊತೆಗೆ ಕ್ಲೋರಿನ್ನೂ ಹೋಗಿರುತ್ತದೆ. ಹೀಗಾಗಿ ಆ ನೀರಿಗೆ ಕಾವಲಿಲ್ಲ. ಬೆಳಕು ಹಾಯುವ ಕ್ಯಾನಿನಲ್ಲಿ ತುಂಬಿ ಅಂಗಳದ ಬಿಸಿಲಿನಲ್ಲಿಟ್ಟರೆ ಅದೇ ಬೇಗ ಪಾಚಿಗಟ್ಟುವ ನೀರು. ಕ್ಯಾನ್ ನೆರಳಿನಲ್ಲಿರಲಿ. ಪ್ರತಿ ಸಲ ತುಂಬುವ ಮೊದಲು ಹಿಡಿ ಅಕ್ಕಿ, ಸ್ವಲ್ಪ ನೀರು ಹಾಕಿ ಕುಲುಕಿ ತೊಳೆಯಿರಿ, ಬ್ರಶ್ ಹೋಗದ ಸಂದಿಯ ಲೋಳೆಯೂ ಬಿಡುತ್ತದೆ.

ಟಾಕಿ, ಸಂಪು ತೊಳೆಯುವುದಕ್ಕೆ ನೀರು ತೀರುತ್ತ ಬಂದ ದಿನವನ್ನೇ, ಅಂದರೆ ನಳ ಬಿಡುವ ಹಿಂದಿನ ದಿನವನ್ನೇ ಆರಿಸಿಕೊಳ್ಳಿ. ಉಳಿದ ಹಸಿರು ನೀರು ಹಿತ್ತಲ ಕರಿಬೇವು, ತೆಂಗಿಗೆ ಒಳ್ಳೆಯದೇ, ಗಟಾರಕ್ಕೆ ಬೇಡ. ಸಂಪಿಗೆ ಇಳಿಯುವ ಮೊದಲು ಮೋಟಾರಿನ ಸ್ವಿಚ್ ಅಷ್ಟೇ ಅಲ್ಲ, ಮೇನ್ ಕೂಡ ಆರಿಸಿ. ಮುಚ್ಚಳ ತೆಗೆದು ಬಹಳ ಹೊತ್ತು ಗಾಳಿಯಾಡಲು ಬಿಡಿ. ಮೇಲೆ ಒಬ್ಬರು ನಿಂತೇ ಇರಲಿ. ಎಲ್ಲಕ್ಕಿಂತ ಮುಖ್ಯ, ಗೋಡೆಯ ಬಿಳಿ ಪದರ ತೆಗೆಯಲು ಶೌಚಾಲಯದ ಆ್ಯಸಿಡ್ ಹಾಕಿ ಅದರ ಮೇಲೇ ಬ್ಲೀಚಿಂಗ್ ಪುಡಿ ಎರಚಬೇಡಿ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಗಾಳಿಗಿಂತ ಭಾರ, ಸಂಪಿನ ತಳದಲ್ಲೇ ಕೂರುತ್ತದೆ, ಇಳಿದವರು ಇರುವುದೂ ಅಲ್ಲೇ. ಬ್ರಶ್ಶಿನಿಂದ ತಿಕ್ಕಿದರೆ ಸಾಕು. ತಿಕ್ಕಿ ತೊಳೆದ ಮೇಲೆ ಟಾಕಿ ತುಂಬಿ, 1,000 ಲೀಟರಿಗೆ 150ರಿಂದ 200 ಗ್ರಾಂ ಪುಡಿಯ ತಿಳಿ ಹಾಕಿ ಒಂದು ದಿನ ಬಿಟ್ಟರೆ ಗೋಡೆಯ ಸಂದಿಯ ಪಾಚಿಯೂ ಸಾಯುತ್ತದೆ. ಆ ನೀರನ್ನು ಕುಡಿಯಬಾರದು. ಬಚ್ಚಲು, ಶೌಚಾಲಯ ತೊಳೆಯಲು ಬಳಸಿ. ನೀರು ಕಡಿಮೆ ಇದ್ದಾಗ ಟಾಕಿ ತುಂಬುವುದು ಬೇಡ, ಗಟ್ಟಿ ದ್ರಾವಣವನ್ನು ಬ್ರಶ್ಶಿನಿಂದ ಗೋಡೆಗೆ ಹಚ್ಚಿ ಅರ್ಧ ತಾಸು ಬಿಟ್ಟು ತೊಳೆದರೂ ನಡೆಯುತ್ತದೆ. ಮೂಗು ಬಾಯಿಗೆ ಬಟ್ಟೆ, ಕೈಗೆ ಗವಸು ಇರಲಿ.

ಈಗ ಹೊಲದ ಮನೆಯಲ್ಲೋ ಊರ ಹೊರಗೋ ಸ್ವಂತ ಈಜುಕೊಳ ಕಟ್ಟಿಸಿಕೊಂಡಿರುವ, ಕಟ್ಟಿಸಬೇಕೆಂದಿರುವ ಅನುಕೂಲಸ್ಥರಿಗೆ. ನಿಮ್ಮ ಮೇಲೆ ಸಿಟ್ಟಿಲ್ಲ. ಬಾವಿಗೆ ಹಾರಿ ಈಜು ಕಲಿತವರ ಮಕ್ಕಳು ಕೊಳದಲ್ಲಿ ಕಲಿತರೆ ಒಳ್ಳೆಯದೇ. ಆದರೆ ಒಂದು ಲೆಕ್ಕ ನೋಡಿ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಚಿಕ್ಕ ಕೊಳಕ್ಕೆ 38,400 ಲೀಟರ್ ನೀರು ಬೇಕು. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್. ಕೊಳ ಹಸಿರಾಯಿತೆಂದು ಒಮ್ಮೆ ಖಾಲಿ ಮಾಡಿದರೆ ಸುಮಾರು 700 ಜನರ ಒಂದು ದಿನದ ನೀರು ಹೋಯಿತು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ನಮ್ಮಲ್ಲಿ ಅಂಥ ಆದೇಶಕ್ಕೆ ಕಾಯುವುದೇಕೆ?

ಕೊಳದ ನೀರನ್ನು ಬದಲಿಸದೆ ಉಳಿಸಿಕೊಳ್ಳಬಹುದು. ಪಿಎಚ್ 7.2ರಿಂದ 7.8, ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ಇವೆರಡನ್ನು ಪರೀಕ್ಷಾ ಪಟ್ಟಿ ಅದ್ದಿ ದಿನವೂ ನೋಡಿ. ನಮ್ಮ ಗಡಸು ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ಸುಣ್ಣದ ಮೇಲೆ ಸುಣ್ಣ ಸೇರಿ ನೀರು ಹಾಲಾಗುತ್ತದೆ, ಕೊಳಕ್ಕೆ ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ವಾಸಿ. ಫಿಲ್ಟರ್ ಪಂಪು ದಿನವೂ ಓಡಲಿ, ವಾರಕ್ಕೊಮ್ಮೆ ಗೋಡೆಗೆ ಬ್ರಶ್ ಆಗಲಿ. ಹತ್ತಿ, ಮೆಣಸಿನಕಾಯಿ ಹೊಲದ ಬದುವಿನಲ್ಲಿ ಕೊಳವಿದ್ದರೆ ಮಳೆಯಲ್ಲಿ ಡಿಎಪಿ ತೊಳೆದು ಬರುವ ನೀರು ಒಳಗಿಳಿಯದಂತೆ ಅಂಚು ಎತ್ತರಿಸಿ, ಆ ಗೊಬ್ಬರ ಪಾಚಿಗೂ ಗೊಬ್ಬರವೇ. ಬಳಸದ ದಿನಗಳಲ್ಲಿ ದಪ್ಪ ಹೊದಿಕೆ ಹಾಕಿದರೆ ಪಾಚಿಯೂ ಆವಿಯೂ ಎರಡೂ ಕಡಿಮೆ. ಕೊಳಕ್ಕೆ ಹಾಕುವ ಮಾತ್ರೆಯನ್ನು ಮಾತ್ರ ಕುಡಿಯುವ ನೀರಿನ ಟಾಕಿಗೆ ಹಾಕಬೇಡಿ, ಅವು ಅದಕ್ಕಲ್ಲ. ಕೊಳದ ಕ್ಲೋರಿನ್ ನೀರನ್ನು ಹಳ್ಳಕ್ಕೆ ಬಿಡಬೇಡಿ, ಹಳ್ಳದ ನೀರು ಕೆರೆ ಸೇರುತ್ತದೆ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ನಮ್ಮ ಮಾಗಡಿ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿ ಸೇರಿದೆ. ಅಲ್ಲಿ ಪಾಚಿ ಇರಲಿ, ಮೀನಿಗೂ ಹಕ್ಕಿಗೂ ಅದು ಬೇಕು.

ಪಟ್ಟಣ ಪಂಚಾಯಿತಿಯವರಲ್ಲಿಯೂ ಒಂದು ಬೇಡಿಕೆ. ಊರಿನ ಮೇಲ್ಮಟ್ಟದ ಟಾಕಿಗಳ ಮೇಲೆ ಕೊನೆಯ ಸಲ ತೊಳೆದ ತಾರೀಖನ್ನು ದೊಡ್ಡದಾಗಿ ಬರೆಯಿಸಿ. ನೀರು ಬಿಡುವ ದಿನ ಓಣಿಯ ಕೊನೆಯ ಮನೆಯ ನಳದಲ್ಲಿ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್ ಹಿಡಿದು, ಬಂದ ಅಂಕಿಯನ್ನು ವಾರ್ಡಿನ ಹಲಗೆಯ ಮೇಲೆ ಬರೆಯಿಸಿ. ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಕೂಡ ಇಲ್ಲವೆಂದರೆ ಜನರಿಗೆ ಗೊತ್ತಾಗಲಿ, ಅವರು ಮನೆಯಲ್ಲೇ ಹಾಕಿಕೊಳ್ಳುತ್ತಾರೆ. ಹಳ್ಳಿಗಳಲ್ಲಿ ನೀರು ಪರೀಕ್ಷೆಗೆ ತರಬೇತಿ ಪಡೆದ ಹೆಣ್ಣುಮಕ್ಕಳಿದ್ದಾರೆ, ಅವರಿಗೆ ಕಿಟ್ಟೂ ಕೊಟ್ಟಿದ್ದಾರೆ. ಅಕ್ಕತಂಗಿಯರೇ, ಆ ಪೆಟ್ಟಿಗೆ ಕಪಾಟಿನಲ್ಲಿದ್ದರೆ ಹೊರತೆಗೆಯಿರಿ. ನೆರೆಮನೆಯವರೂ ಬಾಟಲಿಯಲ್ಲಿ ನೀರು ತಂದು ಕೇಳಲಿ.

ಫಕೀರೇಶ್ವರರ ಜಾತ್ರೆಗೆ ಮನೆಗೆ ಸುಣ್ಣ ಬಳಿಯುತ್ತೇವೆ, ಹಾಸಿಗೆ ಒಗೆಯುತ್ತೇವೆ, ಬೀಗರನ್ನು ಕರೆಯುತ್ತೇವೆ. ಈ ಸಲ ಸುಣ್ಣಕ್ಕೂ ಮೊದಲು ಟಾಕಿ ತೊಳೆಯಿರಿ. ಜಾತ್ರೆ ದೂರವಿದ್ದರೆ ಅದಕ್ಕೂ ಕಾಯಬೇಡಿ. ಮುಂದಿನ ನಳ ಬರುವ ಮೊದಲು ಮನೆಯ ಗಟ್ಟಿ ಹುಡುಗನೊಬ್ಬನನ್ನು ಮಾಳಿಗೆಗೆ ಹತ್ತಿಸಿ, ಟಾಕಿಗೆ ಮುಚ್ಚಳ ಇದೆಯೋ ಇಲ್ಲವೋ ನೋಡಿಸಿ. ಇಲ್ಲದಿದ್ದರೆ ಇವತ್ತೇ ತಂದು ಬಿಗಿಯಿರಿ.