ಕಡಲ್ಗಳ್ಳರಿಗೆ ಕೋರ್ಟೇ ದಾರಿ

ಮಾನ್ಯ ಸಂಪಾದಕರಿಗೆ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಕಡಲ್ಗಳ್ಳರ ಬಗ್ಗೆ ಬಂದ ಪತ್ರ ಓದಿ ಮೈ ಉರಿಯಿತು. ಸೊಮಾಲಿ ಕಳ್ಳರನ್ನು ಮುಂಬಯಿಗೆ ತಂದು ಜೈಲಿನಲ್ಲಿ ಅನ್ನ ಹಾಕುವ ಬದಲು ಹಿಡಿದ ಜಾಗದಲ್ಲೇ ಮುಳುಗಿಸಬೇಕಿತ್ತು ಎಂದು ಬರೆದಿದ್ದಾರೆ. ಪರದೇಶದ ಹಡಗಿಗಾಗಿ ನಮ್ಮ ತೆರಿಗೆ ಹಣ ಸುರಿದದ್ದು ದಂಡ ಎಂದಿದ್ದಾರೆ. ಸಾಲದ್ದಕ್ಕೆ, ಮಲೆನಾಡಿನವರಿಗೆ ಸಮುದ್ರದ ಉಸಾಬರಿ ಏಕೆ ಎಂದು ಕೇಳಿದ್ದಾರೆ. ಮೂರು ಮಾತೂ ತಪ್ಪು; ಮೂರನೆಯದಂತೂ ನಮ್ಮ ಶಿವಮೊಗ್ಗ ಜಿಲ್ಲೆಗೆ ಮಾಡಿದ ಅವಮಾನ. ನೀವು ಅದನ್ನು ಪುಟದ ಮೇಲ್ಭಾಗದಲ್ಲಿ ಹಾಕಿದ್ದೀರಿ. ಈ ಉತ್ತರಕ್ಕೂ ಅಷ್ಟೇ ಜಾಗ ಕೊಡಬೇಕು.

ಮೊದಲು ಮುಳುಗಿಸುವ ಮಾತು. ತೋಟದಲ್ಲಿ ಅಡಕೆ ಗೊನೆ ಕದ್ದವನು ಸಿಕ್ಕಿಬಿದ್ದರೆ ಠಾಣೆಗೆ ಒಪ್ಪಿಸುತ್ತೇವೆಯೇ ಹೊರತು ಭದ್ರಾ ನಾಲೆಗೆ ನೂಕುವುದಿಲ್ಲ. ಸಮುದ್ರದಲ್ಲಿ ಮಾತ್ರ ನ್ಯಾಯ ಬೇರೆ ಏಕಾಗಬೇಕು? ಮುಳುಗಿಸಿದರೆ ಏನಾಗುತ್ತದೆ ಎಂಬುದು ನಮಗೆ ಗೊತ್ತಿಲ್ಲದ್ದಲ್ಲ. 2008ರ ನವೆಂಬರ್ 18ರಂದು ಏಡನ್ ಕೊಲ್ಲಿಯಲ್ಲಿ ಐಎನ್‌ಎಸ್ ತಬರ್ ಯುದ್ಧನೌಕೆ ಕಳ್ಳರಿದ್ದ ಹಡಗೊಂದನ್ನು ಮುಳುಗಿಸಿತು. ದೇಶವೆಲ್ಲ ಸಂಭ್ರಮಿಸಿತು. ಅದು ಕಳ್ಳರು ಅಪಹರಿಸಿಕೊಂಡು ಬಂದಿದ್ದ ಥಾಯ್ಲೆಂಡಿನ ಮೀನುಗಾರಿಕಾ ಹಡಗು ಏಕಾವತ್ ನಾವಾ 5 ಎಂಬುದು ಒಂದು ವಾರದ ಮೇಲೆ ತಿಳಿಯಿತು. ಅದರೊಳಗೆ ಒತ್ತೆಯಾಳಾಗಿದ್ದ ಬಡ ಮೀನುಗಾರರಿದ್ದರು. ದಿನಗಟ್ಟಲೆ ನೀರಿನಲ್ಲಿ ತೇಲಿ ಜೀವಂತ ಸಿಕ್ಕವನು ಒಬ್ಬನೇ. ಮುಳುಗಿಸಿ ಎನ್ನುವವರು ಆ ಉಳಿದವರ ಮನೆಗಳಿಗೆ ಏನು ಉತ್ತರ ಹೇಳುತ್ತಾರೆ?

ಹಿಡಿದು ಬಿಟ್ಟುಬಿಡುವುದನ್ನೂ ಜಗತ್ತು ಮಾಡಿ ನೋಡಿದೆ. ಅದೇ ವರ್ಷ ಡೆನ್ಮಾರ್ಕಿನ ಅಬ್ಸಲೋನ್ ಯುದ್ಧನೌಕೆ ಹತ್ತು ಮಂದಿ ಕಳ್ಳರನ್ನು ಹಿಡಿದು, ವಿಚಾರಣೆಗೆ ದಾರಿ ಕಾಣದೆ ಸೊಮಾಲಿಯಾದ ದಡದಲ್ಲಿ ಇಳಿಸಿ ಹೋಯಿತು. ದೊಡ್ಡ ದೊಡ್ಡ ದೇಶಗಳು ಹೀಗೇ ಕೈತೊಳೆದುಕೊಂಡವು. 2011ರಲ್ಲಿ ಸೊಮಾಲಿ ಕಳ್ಳರ ದಾಳಿಗಳು 237ಕ್ಕೆ ಏರಿದವು. ನಡುಗಡಲಿನಲ್ಲಿ ಕಳ್ಳರನ್ನು ಹಿಡಿದ ದೇಶ ತನ್ನ ಕೋರ್ಟಿನಲ್ಲೇ ವಿಚಾರಣೆ ನಡೆಸಬಹುದು ಎಂದು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಸ್ಪಷ್ಟವಾಗಿ ಹೇಳಿದೆ. ಅಧಿಕಾರ ಎಲ್ಲರಿಗೂ ಇದೆ, ಹೊಣೆ ಹೊರುವವರು ಮಾತ್ರ ಇಲ್ಲ.

ನಮ್ಮ ದೇಶವೂ ಬಹಳ ಕಾಲ ಸುಮ್ಮನೆ ಕುಳಿತಿತ್ತು. 1999ರಲ್ಲಿ ಇಂಡೊನೇಷ್ಯಾ ಬಳಿ ಸುಮಾರು 7,000 ಟನ್ ಅಲ್ಯೂಮಿನಿಯಂ ಹೊತ್ತ ಜಪಾನಿ ಹಡಗು ಅಲೊಂಡ್ರಾ ರೇನ್‌ಬೋವನ್ನು ಕಳ್ಳರು ಅಪಹರಿಸಿದರು. ಅದರ 17 ಸಿಬ್ಬಂದಿಯನ್ನು ತೆಪ್ಪದಲ್ಲಿ ಕೂರಿಸಿ ಕಡಲಿಗೆ ಬಿಟ್ಟರು. ಹೆಸರು ಬದಲಿಸಿಕೊಂಡು ಓಡುತ್ತಿದ್ದ ಆ ಹಡಗನ್ನು ಅರಬ್ಬೀ ಸಮುದ್ರದಲ್ಲಿ ಬೆನ್ನಟ್ಟಿ ಹಿಡಿದವರು ನಮ್ಮ ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆಯವರು. ಮುಂಬಯಿ ಸೆಷನ್ಸ್ ಕೋರ್ಟ್ 2003ರಲ್ಲಿ ಶಿಕ್ಷೆ ಕೊಟ್ಟಿತು. 2005ರಲ್ಲಿ ಹೈಕೋರ್ಟಿನಲ್ಲಿ ಅವರೆಲ್ಲ ಖುಲಾಸೆಯಾದರು. ಕಡಲ್ಗಳ್ಳತನಕ್ಕೆಂದೇ ನಮ್ಮಲ್ಲಿ ಕಾನೂನು ಇರಲಿಲ್ಲ. ಪ್ರಾಣ ಪಣಕ್ಕಿಟ್ಟು ಹಿಡಿದವರ ಶ್ರಮ ನೀರುಪಾಲಾಯಿತು. ಆಮೇಲೂ ಸಂಸತ್ತು 17 ವರ್ಷ ತೆಗೆದುಕೊಂಡಿತು. ಕಡಲ್ಗಳ್ಳತನ ತಡೆ ಕಾಯ್ದೆಗೆ ಒಪ್ಪಿಗೆ ಸಿಕ್ಕಿದ್ದು 2022ರ ಡಿಸೆಂಬರ್‌ನಲ್ಲಿ. ಈಗ ಜೀವಾವಧಿ ಶಿಕ್ಷೆಯವರೆಗೆ ಅವಕಾಶವಿದೆ, ಕಡಲ್ಗಳ್ಳತನದಲ್ಲಿ ಜೀವಹಾನಿಯಾದರೆ ಮರಣದಂಡನೆಗೂ ಅವಕಾಶವಿದೆ. ಇಷ್ಟು ಕಾದು ಪಡೆದ ಕಾನೂನನ್ನು ಬಳಸುವ ಹೊತ್ತಿಗೆ, ಕೋರ್ಟು ಬೇಡ, ಮುಳುಗಿಸಿ ಎನ್ನುವುದು ಯಾವ ದೇಶಪ್ರೇಮ?

ಇನ್ನು ಪರದೇಶದ ಹಡಗಿನ ಮಾತು. ಸೊಮಾಲಿ ಕಳ್ಳರು ಅಪಹರಿಸಿದ್ದ ರುಯೆನ್ ಎಂಬ ಪರದೇಶದ ಸರಕು ಹಡಗನ್ನು ಬಿಡಿಸಿದ್ದು ನಮ್ಮ ನೌಕಾಪಡೆ. 2024ರ ಮಾರ್ಚ್‌ನಲ್ಲಿ ಭಾರತದ ದಡದಿಂದ ಸುಮಾರು 2,600 ಕಿ.ಮೀ. ದೂರದಲ್ಲಿ ಐಎನ್‌ಎಸ್ ಕೋಲ್ಕತ್ತ 40 ತಾಸು ಬಿಡದೆ ನಿಂತಿತು. ವಿಮಾನದಿಂದ ಕಮಾಂಡೊಗಳು ಸಮುದ್ರಕ್ಕೆ ಇಳಿದರು, 35 ಕಳ್ಳರು ಶರಣಾದರು, 17 ಸಿಬ್ಬಂದಿ ಗಾಯವಿಲ್ಲದೆ ಪಾರಾದರು. ಆ 17 ಮಂದಿ ಬಲ್ಗೇರಿಯ, ಮ್ಯಾನ್ಮಾರ್, ಅಂಗೋಲದವರು. ಅದೇ ತಿಂಗಳ ಕೊನೆಯಲ್ಲಿ ಅಲ್ ಕಂಬರ್ ಎಂಬ ಇರಾನಿ ಮೀನುಗಾರಿಕಾ ದೋಣಿಯಿಂದ 23 ಪಾಕಿಸ್ತಾನಿಗಳನ್ನೂ ನಮ್ಮವರೇ ಬಿಡಿಸಿದರು. ನನಗೆ ಇದಕ್ಕಿಂತ ಹೆಮ್ಮೆಯ ವಿಷಯ ಇನ್ನೊಂದಿಲ್ಲ. ನಮ್ಮ ಹುಡುಗರು ದುಡಿಯುವುದೂ ಪರದೇಶದ ಬಾವುಟದ ಹಡಗುಗಳಲ್ಲೇ. 2019ರ ಡಿಸೆಂಬರ್ ಒಂದೇ ತಿಂಗಳಲ್ಲಿ ಪಶ್ಚಿಮ ಆಫ್ರಿಕಾದ ಗಿನಿ ಕೊಲ್ಲಿಯಲ್ಲಿ ನೇವ್ ಕಾನ್‌ಸ್ಟೆಲೇಷನ್ ಹಡಗಿನಿಂದ 18, ಡ್ಯೂಕ್ ಹಡಗಿನಿಂದ 20 ಭಾರತೀಯರನ್ನು ಕಳ್ಳರು ಹೊತ್ತೊಯ್ದರು. ಡ್ಯೂಕ್‌ನ ಒಬ್ಬ ಸೆರೆಯಲ್ಲೇ ಸತ್ತ. 2025ರ ಮಾರ್ಚ್‌ನಲ್ಲಿ ಬಿಟು ರಿವರ್ ಹಡಗಿನಿಂದ ಮತ್ತೆ ಏಳು ಭಾರತೀಯರು. ಅವರಲ್ಲಿ ಕಾಸರಗೋಡಿನವರೂ ಇದ್ದರು. ಪರದೇಶದವರು ನಮಗೇಕೆ ಎಂದು ನಾವು ಕೈಕಟ್ಟಿ ಕುಳಿತರೆ, ಆ ದೂರದ ಕೊಲ್ಲಿಯಲ್ಲಿ ನಮ್ಮವರಿಗಾಗಿ ಯಾವ ದೇಶದ ನೌಕೆ ಓಡಿಬರುತ್ತದೆ?

ಹಣ ಕೊಟ್ಟು ಬಿಡಿಸಿಕೊಳ್ಳುವುದು ಸುಲಭ ಎನ್ನುವವರು ಆಸ್ಫಾಲ್ಟ್ ವೆಂಚರ್ ಹಡಗನ್ನು ಮರೆಯಬಾರದು. 2010ರ ಸೆಪ್ಟೆಂಬರ್‌ನಲ್ಲಿ ಅಪಹರಣವಾಯಿತು. 2011ರ ಏಪ್ರಿಲ್‌ನಲ್ಲಿ ಒತ್ತೆಹಣ ಕೊಟ್ಟ ಮೇಲೂ ಕಳ್ಳರು ಏಳು ಭಾರತೀಯರನ್ನು ಇಟ್ಟುಕೊಂಡರು, ಭಾರತದ ಜೈಲಿನಲ್ಲಿರುವ ತಮ್ಮವರನ್ನು ಬಿಡಿ ಎಂದರು. ಆ ಏಳು ಮಂದಿ ಮನೆಗೆ ಬಂದದ್ದು 2014ರ ಕೊನೆಗೆ. ಹಡಗು ಕಂಪನಿ ಮತ್ತು ಕಳ್ಳರ ನಡುವಿನ ಚೌಕಾಸಿಗೆ ನಮ್ಮ ನಾಗರಿಕರ ಜೀವ ಬಿಟ್ಟುಕೊಟ್ಟರೆ ಆಗುವುದು ಇದೇ. 2005ರಿಂದ 2012ರವರೆಗೆ ಸೊಮಾಲಿ ಕಳ್ಳರ ಕೈಸೇರಿದ ಒತ್ತೆಹಣ 33.9 ಕೋಟಿಯಿಂದ 41.3 ಕೋಟಿ ಡಾಲರ್ ಎಂದು ವಿಶ್ವಬ್ಯಾಂಕ್ ಅಂದಾಜು ಮಾಡಿದೆ. ಅಷ್ಟು ಹಣ ಹುಟ್ಟಿಸಿದ್ದು ಇನ್ನಷ್ಟು ಕಳ್ಳರನ್ನು.

ಈಗ ಮೂರನೆಯ ಮಾತು, ಮಲೆನಾಡಿಗೆ ಸಮುದ್ರ ಏಕೆ ಎನ್ನುವುದು. ಇದೇ ಮಾತನ್ನು ಒಂದು ಸರ್ಕಾರಿ ಕಚೇರಿಯಲ್ಲೂ ಕೇಳಿಸಿಕೊಂಡು ಬಂದಿದ್ದೇನೆ. ನನ್ನ ಸಿಟ್ಟಿಗೆ ಅದೂ ಕಾರಣ. ಭದ್ರಾವತಿಯ ಪೇಪರ್ ಮಿಲ್ ನಿಂತು, ಐರನ್ ಫ್ಯಾಕ್ಟರಿ ಸೊರಗಿದ ಮೇಲೆ ನಮ್ಮ ಫಿಟ್ಟರ್, ವೆಲ್ಡರ್ ಹುಡುಗರು ಹೊಟ್ಟೆಪಾಡಿಗೆ ಎಲ್ಲೆಲ್ಲಿಗೋ ಹೋಗಿದ್ದಾರೆ. ಓಲ್ಡ್ ಟೌನಿನ ನಮ್ಮ ಬೀದಿಯ ಒಬ್ಬ ಹುಡುಗ ತೈಲ ಹಡಗಿನಲ್ಲಿದ್ದಾನೆ. ಅವನ ಹಡಗು ಗಿನಿ ಕೊಲ್ಲಿಯಲ್ಲಿದ್ದಾಗ ಫೋನ್ ಬರುವುದು ನಿಂತಿತು. ಅದೇ ಹೊತ್ತಿಗೆ ಟಿವಿಯಲ್ಲಿ ಅಪಹರಣದ ಸುದ್ದಿ. ತಾಯಿ ಊಟ ಬಿಟ್ಟರು. ನಾವು ಅಕ್ಕಪಕ್ಕದವರು ಅವರನ್ನು ಕರೆದುಕೊಂಡು ಅರ್ಜಿ ಹಿಡಿದು ಆ ಕಚೇರಿಗೆ ಹೋದೆವು. "ನಮ್ಮ ಜಿಲ್ಲೆಗೆ ಸಮುದ್ರವೇ ಇಲ್ಲವಲ್ಲಮ್ಮ, ಮಂಗಳೂರಿಗೆ ಹೋಗಿ" ಎಂದರು. ಅರ್ಜಿ ಮುಟ್ಟಿದ್ದಕ್ಕೆ ಒಂದು ಸೀಲು ಕೂಡ ಹಾಕಿಕೊಡಲಿಲ್ಲ. ಹುಡುಗ ಆಮೇಲೆ ಇನ್ನೊಂದು ಬಂದರಿನಿಂದ ತಾನೇ ಫೋನ್ ಮಾಡಿದ. ಅದರಲ್ಲಿ ಆ ಕಚೇರಿಯ ಪಾಲು ಏನೂ ಇಲ್ಲ.

ಕರಾವಳಿಯವರ ಪಾಡೂ ಇದಕ್ಕಿಂತ ಮೇಲಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಯಾರೋ ಅಪಹರಿಸಿದ್ದಾರೆ ಎಂದೇ ಮನೆಯವರು ತಿಂಗಳುಗಟ್ಟಲೆ ಜೀವ ಕೈಯಲ್ಲಿ ಹಿಡಿದಿದ್ದರು. ಸಾವಿರಾರು ಮೀನುಗಾರರು ಹೆದ್ದಾರಿ ತಡೆಯಬೇಕಾಯಿತು. ಮಾಲ್ವಣದ ಬಳಿ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಸಮುದ್ರದಲ್ಲಿ ದುಡಿಯುವವನ ಮನೆಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆಯನ್ನೇ ನಾವು ಕಟ್ಟಿಲ್ಲ. ಹಡಗಿಗೆ ಜನ ಸೇರಿಸುವ ಏಜೆಂಟರಿಗೆ ಮುಂಬಯಿಯ ನೌಕಾಯಾನ ಮಹಾನಿರ್ದೇಶನಾಲಯದ ಲೈಸೆನ್ಸ್ ಕಡ್ಡಾಯ ಎಂಬುದು ನಮ್ಮೂರಿನ ಎಷ್ಟು ತಂದೆತಾಯಿಗಳಿಗೆ ಗೊತ್ತಿದೆ? ಲಕ್ಷಗಟ್ಟಲೆ ಹಣ ಕಟ್ಟಿ, ಹಾಳು ಹಡಗು ಹತ್ತಿ, ಸಂಬಳವಿಲ್ಲದೆ ಸಿಕ್ಕಿಕೊಳ್ಳುತ್ತಾರೆ. ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟದ ಲೆಕ್ಕದಂತೆ 2024ರಲ್ಲಿ ಮಾಲೀಕರು ನಡುನೀರಿನಲ್ಲಿ ಕೈಬಿಟ್ಟ ನಾವಿಕರು 3,133. ಅವರಲ್ಲಿ 899 ಮಂದಿ ಭಾರತೀಯರು, ಬೇರೆಲ್ಲ ದೇಶದವರಿಗಿಂತ ಹೆಚ್ಚು. ಕಳ್ಳರು ಹಿಡಿದಾಗ ಇಂಥ ಮಾಲೀಕರು ಬಿಡಿಸಿಕೊಂಡು ಬರುತ್ತಾರೆಂದು ನಂಬುವುದು ಹೇಗೆ?

ಸಮುದ್ರ ನಮ್ಮದಲ್ಲ ಎನ್ನುವವರು ನಮ್ಮ ಜಿಲ್ಲೆಯ ಚರಿತ್ರೆ ಓದಲಿ. ಬಿದನೂರಿನಲ್ಲಿ ಕುಳಿತು ಕೆಳದಿ ಅರಸರು ಹೊನ್ನಾವರದಿಂದ ಮಂಗಳೂರಿನವರೆಗೆ ಕರಾವಳಿ ಆಳಿದರು. ತಮ್ಮ ರಹದಾರಿ ಇಲ್ಲದ ಹಡಗುಗಳನ್ನು ದೋಚುತ್ತಿದ್ದ ಪೋರ್ಚುಗೀಸರ ಕೈಯಿಂದ ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳನ್ನು 1650ರ ದಶಕದಲ್ಲಿ ಕಿತ್ತುಕೊಂಡವನು ಶಿವಪ್ಪನಾಯಕ. ಅವನ ಹೆಸರಿನ ಅರಮನೆ ಶಿವಮೊಗ್ಗ ಪೇಟೆಯಲ್ಲೇ ಇದೆ. ಹಳೆಯ ಮಾತು ಬೇಡವೆಂದರೆ 2023ನ್ನು ನೆನೆಯಿರಿ. ಆ ವರ್ಷ ಸುಡಾನಿನ ಯುದ್ಧದಲ್ಲಿ ಶಿವಮೊಗ್ಗ, ಚನ್ನಗಿರಿ, ಹುಣಸೂರು ಕಡೆಯ ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದರು. ಅಲ್ಲಿದ್ದ ಭಾರತೀಯರನ್ನು ಕೆಂಪು ಸಮುದ್ರ ದಾಟಿಸಿ ಜೆಡ್ಡಾ ಮುಟ್ಟಿಸಿದ್ದು ನಮ್ಮ ನೌಕಾಪಡೆಯ ಹಡಗುಗಳು ಮತ್ತು ವಾಯುಪಡೆಯ ವಿಮಾನಗಳು. ಅದೇ ವರ್ಷದ ಡಿಸೆಂಬರ್ 23ರಂದು ಡ್ರೋನ್ ದಾಳಿಗೆ ತುತ್ತಾದ ಕೆಮ್ ಪ್ಲುಟೊ ಹಡಗು ಸೌದಿಯಿಂದ ಬರುತ್ತಿದ್ದದ್ದು ನವಮಂಗಳೂರು ಬಂದರಿಗೆ. ನಮ್ಮ ಗದ್ದೆಗೆ ಬೇಕಾದ ಪೊಟ್ಯಾಷ್, ಅಡುಗೆಮನೆಯ ಸೂರ್ಯಕಾಂತಿ ಎಣ್ಣೆ, ಗಾಡಿಯ ಪೆಟ್ರೋಲಿಗೆ ಬೇಕಾದ ಕಚ್ಚಾ ತೈಲ ಬಹುಪಾಲು ಸಮುದ್ರದ ದಾರಿ ಹಿಡಿದೇ ಬರಬೇಕು.

ದೇಶಗಳು ಮಾಡಬೇಕಾದ್ದು ಕಷ್ಟದ್ದೇ, ಆದರೆ ಸ್ಪಷ್ಟವಾಗಿದೆ. ಹಿಡಿದವರನ್ನು ಕೋರ್ಟಿಗೆ ತರಬೇಕು, ದುಭಾಷಿಗಳನ್ನು ಕೊಟ್ಟು ಬೇಗ ವಿಚಾರಣೆ ಮುಗಿಸಬೇಕು. 2011ರಲ್ಲಿ ನಮ್ಮವರು ಹಿಡಿದ ಸೊಮಾಲಿ ಕಳ್ಳರ ತೀರ್ಪಿಗೆ 2017ರವರೆಗೆ ಕಾದಂತೆ ಮತ್ತೆ ಆಗಬಾರದು. ಪನಾಮ, ಲೈಬೀರಿಯಗಳಂತೆ ಬಾವುಟ ಬಾಡಿಗೆಗೆ ಕೊಟ್ಟು ಲಾಭ ಮಾಡುವ ದೇಶಗಳು ಕಾವಲಿನ, ವಿಚಾರಣೆಯ ಖರ್ಚು ಹೊರಬೇಕು. ಸೊಮಾಲಿಯಾದ ನೀರಿನಲ್ಲಿ ಮೀನು ಕದಿಯುವ ಪರದೇಶಿ ಟ್ರಾಲರುಗಳನ್ನೂ ಇದೇ ಬಿಗಿಯಲ್ಲಿ ಹಿಡಿಯಬೇಕು. 2025ರ ಏಪ್ರಿಲ್ 5ರಂದು ನಮ್ಮ ಕಾರವಾರದಿಂದ ಹೊರಟ ಐಎನ್‌ಎಸ್ ಸುನಯನಾದಲ್ಲಿ ಕೀನ್ಯಾ, ತಾಂಜಾನಿಯ, ಮಾಲ್ದೀವ್ಸ್ ಸೇರಿ ಒಂಬತ್ತು ದೇಶಗಳ 44 ನೌಕಾ ಸಿಬ್ಬಂದಿ ನಮ್ಮವರ ಜೊತೆ ಇದ್ದರು. ಇಂಥ ಜಂಟಿ ಕಾವಲು ವರ್ಷವಿಡೀ ನಡೆಯಬೇಕು.

ಜಿಲ್ಲಾಡಳಿತ ನಾವಿಕರ ಕುಟುಂಬಗಳಿಗಾಗಿ ಕನ್ನಡದಲ್ಲಿ ಉತ್ತರ ಕೊಡುವ ಒಬ್ಬ ಅಧಿಕಾರಿಯನ್ನು ಗೊತ್ತುಪಡಿಸಲಿ, ಲೈಸೆನ್ಸ್ ಇರುವ ಏಜೆಂಟರ ಪಟ್ಟಿಯನ್ನು ಐಟಿಐಗಳ ಫಲಕದಲ್ಲಿ ಹಾಕಿಸಲಿ. ನಮ್ಮ ಸಂಸದರು ಮುಂದಿನ ಅಧಿವೇಶನದಲ್ಲಿ ಎರಡು ಪ್ರಶ್ನೆ ಕೇಳಲಿ: ಹೊಸ ಕಾಯ್ದೆಯಡಿ ಎಷ್ಟು ಮೊಕದ್ದಮೆ ಯಾವ ಹಂತದಲ್ಲಿವೆ? ಪರದೇಶದ ಹಡಗಿನಿಂದ ಭಾರತೀಯನನ್ನು ಹೊತ್ತೊಯ್ದ ದಿನ ಅವನ ಮನೆಗೆ ಸುದ್ದಿ ಹೇಳುವ ಹೊಣೆ ಯಾವ ಅಧಿಕಾರಿಯದು? ಉತ್ತರ ಬಂದ ದಿನ ಅದನ್ನು ನಿಮ್ಮ ಪತ್ರಿಕೆ ಮುಖಪುಟದಲ್ಲಿ ಹಾಕಲಿ.

ಇಂತಿ,
ನಿವೃತ್ತ ಕಾರ್ಖಾನೆ ಕಾರ್ಮಿಕ,
ಓಲ್ಡ್ ಟೌನ್, ಭದ್ರಾವತಿ